ಮೊದಲ ಪ್ರಶ್ನೆ ಸಿರ್ಕಾಳದು

"ಹೆಲ್ವಿ, ನಮ್ಮ ಜನ ನಿಮಗೆ ಗೊತ್ತಲ್ಲ. ಭಾಷಣ ಮುಗಿದ ಮೇಲೆ ಪ್ರಶ್ನೆ ಇದೆಯಾ ಅಂತ ಕೇಳಿದ್ರೆ ಎಲ್ಲರೂ ತಮ್ಮ ತಮ್ಮ ಬೂಟು ನೋಡ್ಕೊಂಡು ಕೂರ್ತಾರೆ. ಮೊದಲನೇ ಪ್ರಶ್ನೆ ಒಂದು ಬಿತ್ತು ಅಂದ್ರೆ ಆಮೇಲೆ ತೊಂದರೆ ಇಲ್ಲ, ನಿಧಾನಕ್ಕೆ ಒಬ್ಬೊಬ್ಬರೇ ಕೈ ಎತ್ತುತಾರೆ. ಆ ಮೊದಲನೇದು ಬೀಳೋದೇ ಕಷ್ಟ. ಅದನ್ನ ಸಿರ್ಕಾ ಕೇಳ್ತಿದ್ಲು. ನಾವು ಮನೇಲೇ ಮಾತಾಡ್ಕೊಂಡು ಬರ್ತಿದ್ವಿ. ಬೇಕಂತಲೇ ನಾನು ಭಾಷಣದಲ್ಲಿ ಒಂದು ತುಂಡು ಹೇಳದೆ ಬಿಡ್ತಿದ್ದೆ. ಅವಳು ಮುಂದಿನ ಸಾಲಲ್ಲಿ ಕೂತು ಅದನ್ನೇ ಕೇಳೋಳು. ಉತ್ತರ ಅವಳಿಗೆ ಗೊತ್ತಿದೆ ಅನ್ನೋದು ಇಡೀ ಸಭೆಗೆ ಗೊತ್ತು. ಆದ್ರೂ ಯಾರೂ ನಗ್ತಿರ್ಲಿಲ್ಲ. ಈ ಸಲವೂ ಅಭ್ಯಾಸ ನೋಡಿ, ತುಂಡು ಬಿಟ್ಟೇ ಬರೆದುಬಿಟ್ಟಿದೀನಿ. ಬರೆದಾದ ಮೇಲೆ ನೆನಪಾಯ್ತು. ತುಂಬಿಸೋಣ ಅಂದ್ರೆ ಕೈ ಏಳಲಿಲ್ಲ. ಯಾರಾದ್ರೂ ಒಬ್ಬರು ಕೇಳಿದ್ರೆ ಸಾಕು. ಕೇಳದಿದ್ರೆ ಇದೇ ಕೊನೆ ಹೆಲ್ವಿ, ಇನ್ನು ನಾನು ಬರೋಲ್ಲ."

ಔಲಿಸ್ ಕಿವಿಲುವೊಟೊ ಇಷ್ಟು ಮಾತನ್ನು ಒಂದೇ ಸಲಕ್ಕೆ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ವರ್ಷಕ್ಕೊಮ್ಮೆ ನಡೆಯುವ ಇತಿಹಾಸ ಸಮ್ಮೇಳನದ ಮೊದಲ ದಿನ ಬೆಳಗ್ಗೆ, ಅಡುಗೆಮನೆಯಲ್ಲಿ ನಾನು ಏಲಕ್ಕಿ ಬನ್ನುಗಳನ್ನು ತಟ್ಟೆಗೆ ಜೋಡಿಸುತ್ತಿದ್ದೆ. ಅವರು ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹೇಳಿ ಮುಗಿಸಿ, ಹೆಚ್ಚಾಯಿತೇನೋ ಎಂಬಂತೆ ಕೆಮ್ಮಿ ಹೊರಟುಹೋದರು.

"ಬಂದ್ರಲ್ಲ ನಿಮ್ಮ ಸುಟ್ಟೂರಿನ ಸಾಹೇಬರು," ಎಂದಳು ನನ್ನ ಜೊತೆ ಕಾಫಿ ಕೆಲಸ ಮಾಡುವ ಪಿರ್ಯೊ. "ನಾನು ಮದುವೆ ಆಗೋಕೆ ಮುಂಚಿಂದ ಅವರು ಇದೇ ಬೆಂಕಿ ವಿಷಯಾನೇ ಮಾತಾಡ್ತಿದಾರೆ. ಈ ವರ್ಷವಾದ್ರೂ ಆರುತ್ತೋ ಇಲ್ವೋ?"

"ನಿನ್ನ ಬಾಯಿ ಮೊದಲು ಆರಲಿ. ಸಕ್ಕರೆ ತುಂಬು."

ಪಿರ್ಯೊ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ತುರ್ಕು ಊರು ಹಿಂದೊಮ್ಮೆ ಉರಿದುಹೋದ ಕಥೆಯೇ ಔಲಿಸರ ಜೀವಮಾನದ ಕೆಲಸ. ಅವರ ತಂದೆ ಹಡಗುಕಟ್ಟೆಯಲ್ಲಿ ಬಣ್ಣ ಬಳಿಯುತ್ತಿದ್ದವರು. ಮಗ ಓದಿದರು, ಪಾಠ ಹೇಳಿದರು. ಆದರೆ ವಿಶ್ವವಿದ್ಯಾಲಯದಲ್ಲಿ ಖಾಯಂ ಕುರ್ಚಿ ಕೊನೆಗೂ ಸಿಗಲಿಲ್ಲ. ಖಾಲಿಯಾದಾಗಲೆಲ್ಲ ಅದರಲ್ಲಿ ಇನ್ನೊಬ್ಬರು ಕೂತರು. ಇವರು ಗಂಟೆಯ ಲೆಕ್ಕಕ್ಕೆ ಪಾಠ ಹೇಳುತ್ತಲೇ ನಿವೃತ್ತರಾದರು. ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದ ಹೆಂಡತಿ ಸಿರ್ಕಾ ಮನೆ ನಡೆಸಿದಳು. ಸಮ್ಮೇಳನ ತಮ್ಮ ಊರಲ್ಲೇ ನಡೆದರೂ ಗಂಡಹೆಂಡತಿ ದೂರ ಪ್ರಯಾಣಕ್ಕೆ ಹೊರಟವರ ಹಾಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಸಿರ್ಕಾಳ ಚೀಲದಲ್ಲಿ ರೈ ಧಾನ್ಯದ ರೊಟ್ಟಿಯ ಬುತ್ತಿ ಇರುತ್ತಿತ್ತು. "ನಿಮ್ಮ ಬನ್ನು ಚೆನ್ನಾಗಿರುತ್ತೆ ಹೆಲ್ವಿ, ಆದ್ರೆ ಇವರ ಹೊಟ್ಟೆಗೆ ಅದು ತಮಾಷೆ ಇದ್ದ ಹಾಗೆ," ಎನ್ನುತ್ತಿದ್ದಳು. ಆ ವರ್ಷ ವಸಂತದಲ್ಲಿ ಹಿಮ ಕರಗುವ ಹೊತ್ತಿಗೆ ಅವಳು ತೀರಿಹೋದಳು.

ಔಲಿಸರ ಸರದಿ ಎರಡನೇ ದಿನ ಮಧ್ಯಾಹ್ನ, ಮೇಲಿನ ಚಿಕ್ಕ ಕೋಣೆಯಲ್ಲಿ. ಹೊರದೇಶದವರೆಲ್ಲ ಕೆಳಗಿನ ದೊಡ್ಡ ಸಭಾಂಗಣದಲ್ಲಿದ್ದರು. ಅಲ್ಲೊಬ್ಬ ಮನುಷ್ಯ ಎದ್ದು ಉಸಿರು ಬಿಡದೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದದ್ದು ಮೆಟ್ಟಿಲವರೆಗೂ ಕೇಳಿಸುತ್ತಿತ್ತು. ಅವನಲ್ಲಿ ಒಂದನ್ನು ಸಾಲ ಕೇಳಿ ಮೇಲೆ ಒಯ್ಯಬಾರದೇ ಅನ್ನಿಸಿತು ನನಗೆ.

ಕಾಫಿ ಗಾಡಿಯನ್ನು ಬಾಗಿಲಿಗೆ ತಂದು ನಿಂತೆ. ನಮ್ಮವರು ಎಂದಿನಂತೆ ಪಕ್ಕದಲ್ಲಿ ಒಂದೊಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ತಡವಾಗಿ ಬಂದ ಒಬ್ಬಾಕೆ ಮುಂದಿನ ಸಾಲಿನ ಕಿಟಕಿಯ ಕಡೆಯ ಕುರ್ಚಿಗೆ ಕೈಹಾಕಿದಳು. ಹಿಂದೆ ಕೂತಿದ್ದವರೊಬ್ಬರು ಅವಳ ತೋಳು ಮುಟ್ಟಿ ಏನೋ ಅಂದರು. ಅವಳು ಮುಖ ಕೆಂಪಾಗಿ ಗೋಡೆಯ ಕಡೆಗೆ ಹೋದಳು.

ಔಲಿಸ್ ಚೆನ್ನಾಗಿ ಮಾತಾಡಿದರು. ಕೊನೆಗೆ ಹೀಗೆ ಹೇಳಿ ನಿಲ್ಲಿಸಿದರು: "ಮರದ ಮನೆಗಳೆಲ್ಲ ಬೂದಿಯಾದವು. ಇಟ್ಟಿಗೆಯ ಒಲೆಗಳು ಮಾತ್ರ ನಿಂತಿದ್ದವು, ಗೋಡೆ ಇಲ್ಲ, ಸೂರಿಲ್ಲ. ಆಮೇಲೆ ಚಳಿಗಾಲ ಬಂತು."

ತುಂಡು ಎಲ್ಲಿ ಬಿಟ್ಟಿದ್ದಾರೆಂದು ನನಗೂ ತಿಳಿಯಿತು. ಆ ಚಳಿಗಾಲ ಜನ ರೊಟ್ಟಿ ಎಲ್ಲಿ ಸುಟ್ಟರು ಎಂದು ಕೇಳದೆ ಇರುವುದಾದರೂ ಹೇಗೆ?

"ಪ್ರಶ್ನೆಗಳಿವೆಯಾ?" ಎಂದು ಸಭೆ ನಡೆಸುತ್ತಿದ್ದ ಹೆಂಗಸು ಕೇಳಿದಳು.

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡು ಕೂತರು. ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಟಕ್ ಟಕ್ ಎನ್ನುತ್ತಿತ್ತು. ಔಲಿಸ್ ಮುಖವನ್ನು ಕಿಟಕಿಯ ಕಡೆಯ ಕುರ್ಚಿಗೆ ತಿರುಗಿಸಿದ್ದರು. ತಿರುಗಿಸಬಾರದೆಂದುಕೊಂಡೇ ತಿರುಗಿಸಿದ್ದರು ಅನ್ನಿಸುತ್ತದೆ. ಚಳಿಗಾಲ ಹತ್ತಿರವಿದ್ದುದರಿಂದ ಹೊರಗೆ ಮಧ್ಯಾಹ್ನವೇ ಕತ್ತಲಾಗಿ, ಗಾಜಿನಲ್ಲಿ ಅವರೇ ಕಾಣುತ್ತಿದ್ದರು. ಸಭೆ ನಡೆಸುತ್ತಿದ್ದಾಕೆ ಬಹಳ ಹೊತ್ತು ಕಾದಳು, ಮತ್ತೊಮ್ಮೆ ಕೇಳಿದಳು. ಆಮೇಲೆ, "ಹಾಗಾದ್ರೆ ಕಾಫಿ," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಉದ್ದದ ಚಪ್ಪಾಳೆ ಆ ಎರಡು ದಿನದಲ್ಲಿ ಯಾರಿಗೂ ಬಿದ್ದಿರಲಿಲ್ಲ.

ಕಾಫಿ ಬಗ್ಗಿಸುವವಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾತು ಕಿವಿಗೆ ತಾನಾಗಿ ಬೀಳುತ್ತದೆ.

"ಆ ಒಲೆಗಳ ವಿಷಯ! ಕೇಳಬೇಕು ಅಂತ ನಾಲಿಗೆ ತುದೀಲಿತ್ತು."

"ಕೇಳೋದು ತಾನೆ?"

"ಮೊದಲನೇ ಪ್ರಶ್ನೆ ಸಿರ್ಕಾದು ಕಣಪ್ಪ. ಅವರ ಜಾಗಕ್ಕೆ ನಾನು ಹೋಗಿ ಕೂತ್ಕೊಳ್ಳಲಾ?"

"ಅದೇ ನಾನೂ ಅಂದ್ಕೊಂಡೆ. ಬೇರೆ ಯಾರಾದ್ರೂ ಕೇಳಿದ್ರೆ ಎರಡನೇದು ನಂದು ಅಂತ ಇಟ್ಕೊಂಡಿದ್ದೆ."

"ಹೋಗಿ ಮಾತಾಡ್ಸಿ ಮತ್ತೆ, ಅಲ್ಲೇ ಇದಾರೆ."

"ಬೇಡ, ಬೇಡ. ಅವರನ್ನ ಅವರ ಪಾಡಿಗೆ ಬಿಡೋಣ. ದುಃಖದಲ್ಲಿದಾರೆ."

ಔಲಿಸ್ ಹಜಾರದ ಕಿಟಕಿಯ ಬಳಿ ನಿಂತಿದ್ದರು. ಸುತ್ತ ಗಾಡಿಯೊಂದು ತಿರುಗುವಷ್ಟು ನೆಲ ಖಾಲಿ. ಕಪ್ಪಿನಲ್ಲಿ ಕಾಫಿ ತಣ್ಣಗಾಗಿತ್ತು. ಹಾದುಹೋಗುವವರು ತಲೆ ಬಾಗಿಸಿ, ದನಿ ತಗ್ಗಿಸಿ, ಆ ಖಾಲಿ ನೆಲವನ್ನು ಬಳಸಿಕೊಂಡು ಹೋಗುತ್ತಿದ್ದರು.

ಸಂಜೆ ಜನ ಕರಗಿದ ಮೇಲೆ ಅವರು ಆ ಕಪ್ಪನ್ನು ವಾಪಸು ಕೊಡಲು ತಾವೇ ಅಡುಗೆಮನೆಗೆ ಬಂದರು. ಪಿರ್ಯೊ ಆಗಲೇ ಮನೆಗೆ ಹೋಗಿದ್ದಳು.

"ನಿಮಗೆ ಒಂದು ಮಾತು ಹೇಳ್ಬೇಕು," ಎಂದೆ. "ಅವರೆಲ್ಲ ಸಿರ್ಕಾಗೆ ಅಂತ ಜಾಗ ಬಿಟ್ಟಿದ್ರು. ಕೇಳೋ ಮನಸ್ಸಿಲ್ಲದೆ ಅಲ್ಲ. ನನ್ನ ಕಿವಿಯಾರೆ ಕೇಳಿಸ್ಕೊಂಡೆ."

"ಗೊತ್ತು," ಎಂದರು. "ಒಳ್ಳೇ ಜನ. ಆದ್ರೆ ಇಷ್ಟೊಂದು ಜಾಗ ಇಟ್ಕೊಂಡು ನಾನೇನು ಮಾಡ್ಲಿ, ಹೆಲ್ವಿ?"

ನಾನು ನಲ್ಲಿ ತಿರುಗಿಸಿದೆ. ಆಮೇಲೆ ಕೇಳಿದೆ, "ರೊಟ್ಟಿ ಎಲ್ಲಿ ಸುಟ್ರು?"

ಅವರು ತಲೆಯಾಡಿಸಿದರು. "ಅದು ಬೇಡ. ಅದು ಅವಳದು. ಸೂರಿಲ್ಲದ ಆ ಒಲೆಗಳಲ್ಲೇ ಸುಟ್ರು, ಹಿಮ ಗುಡಿಸಿ. ನಿಮಗೂ ಹೊಳೆದಿತ್ತು, ನಿಮ್ಮ ಮುಖದಲ್ಲೇ ಗೊತ್ತಾಗ್ತಿದೆ."

"ಹಾಗಾದ್ರೆ ನಂದೇ ಕೇಳ್ತೀನಿ. ಒಬ್ಬೊಬ್ಬರೂ ಅವರವರ ಒಲೇಲೇ ಸುಡ್ತಿದ್ರಾ? ಇಲ್ಲ, ಎಲ್ಲ ಸೇರಿ ಒಂದು ಒಲೆ ಹೊತ್ತಿಸ್ತಿದ್ರಾ? ಸೌದೆ ಎಲ್ಲಿತ್ತು ಅಷ್ಟೊಂದು?"

ಔಲಿಸ್ ಕಪ್ಪನ್ನು ಮೇಜಿನ ಮೇಲಿಟ್ಟರು. "ಗೊತ್ತಿಲ್ಲ," ಎಂದರು. "ಸಿರ್ಕಾ ಇದನ್ನ ಕೇಳಿರ್ಲಿಲ್ಲ. ಸೌದೆ ಲೆಕ್ಕ ನೋಡಿದ್ರೆ ಒಂದೇ ಒಲೆ ಇರಬೇಕು."

"ನಮ್ಮೂರಿನೋರು ತಾನೆ?"

"ಹೌದಲ್ಲ." ಅವರ ಮೀಸೆ ಸ್ವಲ್ಪ ಅಲ್ಲಾಡಿತು. "ಒಬ್ಬೊಬ್ಬಳೂ ಅವಳವಳ ಒಲೆ ಮುಂದೆ ನಿಂತು, ಪಕ್ಕದೋಳಿಗೆ ಯಾಕೆ ತೊಂದರೆ ಅಂತ ನಡುಗ್ತಿರ್ತಾಳೆ."

ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು. ಅವರು ಕಿಟಕಿ ನೋಡಿದರು, ಅಲ್ಲಿ ಕತ್ತಲೆ ಬಿಟ್ಟು ಏನೂ ಇರಲಿಲ್ಲ.

"ಈ ಸೌದೆ ವಿಷಯ ಹುಡುಕಿ ನೋಡ್ಬೇಕು," ಎಂದು ತಮಗೆ ತಾವೇ ಅಂದುಕೊಂಡರು. "ಒಂದು ವರ್ಷವಾದ್ರೂ ಬೇಕು." ಆಮೇಲೆ ಇನ್ನೂ ಮೆಲ್ಲಗೆ, "ಬಸ್ಸಿಗೆ ಹೊತ್ತಿದೆ. ಮನೆಗೆ ಹೋಗೋ ಅವಸರವೂ ಇಲ್ಲ."

ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಮೊಳೆಯಲ್ಲಿದ್ದ ಒರೆಸುವ ಬಟ್ಟೆ ತೆಗೆದುಕೊಂಡು ನನ್ನ ಪಕ್ಕ ಬಂದು ನಿಂತರು. ನಾನು ಕಪ್ಪು ತೊಳೆದು ಕೊಡುತ್ತಾ ಹೋದೆ, ಅವರು ಒರೆಸಿ ಬೋರಲು ಹಾಕುತ್ತಾ ಹೋದರು.