ಪುಟ್ಟಿ ಹಚ್ಚಿದ ಆಕ್ಸಲ್

ಮೆಟ್ಟಿಲ ಕೆಳಗಿರುವ ಆಕ್ಸಲ್ ಯಾವುದಾದರೂ ಕಾರಿಗೆ ಸೇರುವವರೆಗೆ ತಾವು ಈ ಮನೆಯಿಂದ ಕದಲುವುದಿಲ್ಲ ಎಂದು ನನ್ನ ಗಂಡ ಹಟ ಹಿಡಿದರು. ಇಷ್ಟು ಉದ್ದದ ವಾಕ್ಯ ಅವರಿಗೆ ಸಾಧ್ಯವಿರಲಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಲ್ಲಿ ಉಳಿದಿದ್ದು ಬಿಡಿ ಮಾತುಗಳು ಮಾತ್ರ. ಎಡಗೈಯಿಂದ ನೆಲ ತೋರಿಸಿ "ಅದು ಮೊದಲು" ಎಂದರು. ಎದೆ ಮುಟ್ಟಿಕೊಂಡು "ಆಮೇಲೆ ನಾನು" ಎಂದರು.

ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗಿತ್ತು. ಅರ್ಧಕ್ಕಿಂತ ಹೆಚ್ಚು ಮನೆಗಳು ಖಾಲಿಯಾಗಿದ್ದವು. ಖಾಲಿಯಾದ ಮನೆಗಳ ಕಿಟಕಿ ಬಾಗಿಲುಗಳನ್ನು ಕೆಲಸಗಾರರು ಆಗಲೇ ಕಿತ್ತು ಅಂಗಳದಲ್ಲಿ ಒಟ್ಟಿದ್ದರು. ಮುಂದಿನ ಗುರುವಾರದಿಂದ ನೀರು ನಿಲ್ಲುತ್ತದೆ ಎಂದು ಸೊಸೈಟಿಯ ಸೆಕ್ರೆಟರಿ ಬಂದು ಹೇಳಿಹೋಗಿದ್ದರು. ಬಾಡಿಗೆ ಮನೆ ಗೊತ್ತಾಗಿತ್ತು, ಸಾಮಾನು ಕಟ್ಟಿಯಾಗಿತ್ತು. ಮಲಗಿದವರನ್ನು ಸ್ಟ್ರೆಚರಿನಲ್ಲಿ ಇಳಿಸುವುದು ನನಗೆ ಹೊಸದಲ್ಲ. ಆದರೆ ಒಲ್ಲೆ ಎನ್ನುವವರನ್ನು ಇಳಿಸುವುದು ಬೇರೆ ವಿಷಯ. ಎತ್ತಲು ಹೋದಾಗ ಅವರು ಎಡಗೈಯಿಂದ ಮಂಚದ ಕಂಬಿ ಹಿಡಿದುಕೊಂಡು ಬಿಡಲೇ ಇಲ್ಲ. ಅವರ ರಕ್ತದೊತ್ತಡ ಏರಿದ್ದನ್ನು ನೋಡಿ ನಾನೇ ಹಿಂದೆ ಸರಿದೆ.

ಆಕ್ಸಲ್ ಎಂದರೆ ಕಾರಿನ ಹಿಂದಿನ ಎರಡು ಚಕ್ರಗಳನ್ನು ಹಿಡಿದಿಡುವ ಕಬ್ಬಿಣದ ಅಡ್ಡಕೊಳವೆ. ನಡುವೆ ಗೇರುಗಳಿರುವ ಗುಂಡಗಿನ ಡಬ್ಬ. ವಿಕ್ರೋಳಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದ ಇವರಿಗೆ ದಾದರಿನಲ್ಲಿ ಒಬ್ಬ ಗೆಳೆಯರಿದ್ದರು. ಅವರ ಬಳಿ ಇಬ್ಬರೇ ಕೂರುವ, ಮೇಲೆ ಮುಚ್ಚಿಗೆಯಿಲ್ಲದ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಘಾಟಿ ಹತ್ತುವಾಗ ಅದರ ಸ್ವಂತ ಆಕ್ಸಲ್ ಮತ್ತೆ ಮತ್ತೆ ಮುರಿಯುತ್ತಿತ್ತು. ಇವರಿಬ್ಬರೂ ಒಂದು ಜೀಪಿನ ಗಟ್ಟಿ ಆಕ್ಸಲ್ ತಂದು, ಎರಡು ಬದಿಯನ್ನೂ ಕತ್ತರಿಸಿ, ಕಾರಿನ ಅಗಲಕ್ಕೆ ಅಳೆದು ಮತ್ತೆ ಬೆಸೆದರು. ಬೆಸುಗೆ ಇವರ ಕೈಯದು. ಆ ಮೇಲೆ ಅದು ಒಮ್ಮೆಯೂ ಮುರಿಯಲಿಲ್ಲ. ಗೆಳೆಯರು ತೀರಿಕೊಂಡಾಗ ಮನೆಯವರು ಕಾರು ಮಾರಿದರು. ಕೊಂಡವರಿಗೆ ಎಲ್ಲವೂ ಮೂಲದ ಹಾಗೆಯೇ ಇರಬೇಕಿತ್ತು, ಹಾಗಾಗಿ ಈ ಆಕ್ಸಲ್ ಕಳಚಿ ನಮ್ಮ ಮೆಟ್ಟಿಲ ಕೆಳಗೆ ಬಂತು. ಅಂದಿನಿಂದ ಇವರದು ಒಂದೇ ಮಾತು: ಯಾರಾದರೂ ಓಡಿಸಲಿ.

ಹಳೆಯ ಕಾರಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೋ ಹಾಕಿದೆ. ಕೆಲವರು ವಿಚಾರಿಸಿ ಸುಮ್ಮನಾದರು. ಕೊನೆಗೆ ಒಬ್ಬ ಫೋನ್ ಮಾಡಿದ. ಅಂಥದೇ ಕಾರನ್ನು ಸ್ವಂತಕ್ಕೆ ಕಟ್ಟುತ್ತಿದ್ದಾನಂತೆ. ತಂದೆ ಉಡುಪಿ ಕಡೆಯವರು, ಇವನು ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. "ಆಂಟಿ, ನಂದು ಕನ್ನಡ ಸ್ವಲ್ಪ ಕಚ್ಚಾ ಉಂಟು, ಅಡ್ಜಸ್ಟ್ ಮಾಡಿ. ಸಂಡೇ ಬರ್ತೇನೆ" ಎಂದ.

ಭಾನುವಾರದೊಳಗೆ ಆಕ್ಸಲನ್ನು ನೋಡುವ ಹಾಗೆ ಮಾಡಬೇಕು ಎಂದು ನಾನು ತೀರ್ಮಾನಿಸಿದೆ. ನಾನು ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಆಸ್ಪತ್ರೆಗೆ ಇನ್‌ಸ್ಪೆಕ್ಷನ್ ಬರುತ್ತದೆ ಎಂದರೆ ಮಂಚ, ಡ್ರಿಪ್ ಕಂಬ, ಟ್ರಾಲಿ ಎಲ್ಲಕ್ಕೂ ಬಣ್ಣ ಬೀಳುತ್ತಿತ್ತು. ತುಕ್ಕು ಉಜ್ಜು, ಹಳ್ಳ ಕಂಡಲ್ಲಿ ಪುಟ್ಟಿ ಮೆತ್ತು, ಸಮ ಮಾಡು, ರೆಡ್ ಆಕ್ಸೈಡ್ ಹಚ್ಚು, ಮೇಲೆ ಬಣ್ಣ. ಹೊಸ ಹುಡುಗಿಯರಿಗೆ ನಾನೇ ನಿಂತು ಇದನ್ನು ಕಲಿಸಿದ್ದೆ. ಆಕ್ಸಲಿಗೂ ಅದನ್ನೇ ಮಾಡಿದೆ. ಸೀಮೆಎಣ್ಣೆಯಲ್ಲಿ ತೊಳೆದು ತಂತಿಬ್ರಷ್ ಹಾಕಿದೆ. ಎರಡೂ ಬದಿ ಬೆಸುಗೆ ಹಾಕಿದ ಕಡೆ ಬಳೆಯ ಹಾಗೆ ಗಂಟುಗಂಟಾಗಿ ಎದ್ದಿತ್ತು, ನೋಡಲು ಅಸಹ್ಯ. ಅಲ್ಲಿ ಪುಟ್ಟಿ ತುಂಬಿ ನುಣ್ಣಗೆ ಉಜ್ಜಿದೆ. ಬೆಳ್ಳಿ ಬಣ್ಣ ಒಣಗಿದಾಗ ಅದು ಆಗಷ್ಟೇ ಅಂಗಡಿಯಿಂದ ತಂದ ಹಾಗಿತ್ತು. ಗಂಡನಿಗೆ ಹೇಳಲಿಲ್ಲ. ಮಾರಿದ ಮೇಲೆ ಫೋಟೋ ತೋರಿಸೋಣ ಎಂದುಕೊಂಡೆ.

ಅಂಗಳದ ಕಿಟಕಿ ಬಾಗಿಲು ಒಯ್ಯಲು ಬಂದಿದ್ದ ಕಲಬುರಗಿಯ ಗುಜರಿಯವನು ನಿಂತು ನೋಡಿದ.

"ಅಮ್ಮಾರ, ಮದಿವಿಗಿ ತಯಾರ ಮಾಡೀರಿ ಏನ್ ಇದನ್ನ?"

"ಮಾರೋಕೆ."

"ಬಣ್ಣದ ರೊಕ್ಕ ದಂಡರಿ. ನಾವು ಕಡದ ತೂಗಾವ್ರು, ನಮಗ ಹೆಂಗಿದ್ರೂ ನಡೀತದ. ಬ್ಯಾಡ ಅಂದ್ರ ಒಂದ್ ಮಾತ್ ಹೇಳ್ರಿ, ಗ್ಯಾಸ್ ಕಟರ್ ತರ್ತೀನಿ."

"ಆ ಕಟರನ್ನ ಇದರ ಹತ್ತಿರ ತರಬೇಡ" ಎಂದೆ. ಅವನು ನಕ್ಕ.

ಭಾನುವಾರ ಆತ ಬಂದ. ನಲವತ್ತರ ಆಸುಪಾಸು, ಉಗುರುಗಳ ಅಂಚಿನಲ್ಲಿ ಕರಿ. ಆಕ್ಸಲ್ ನೋಡಿ ಅವನ ಮುಖ ಅರಳಲಿಲ್ಲ.

"ಫೋಟೋದಲ್ಲಿ ಇದ್ದದ್ದು ಇದೇನಾ ಆಂಟಿ?"

"ಇದೇ. ಕ್ಲೀನ್ ಮಾಡಿದೀನಿ."

ಅವನು ಕುಕ್ಕರುಗಾಲಲ್ಲಿ ಕೂತು ಬೆಸುಗೆಯ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಜೇಬಿನಿಂದ ಬೀಗದ ಕೈ ತೆಗೆದು ಕೆರೆದ. ಬೆಳ್ಳಿ ಸಿಪ್ಪೆಯಡಿ ಕೆಂಪು, ಅದರಡಿ ಬೂದಿ ಬಣ್ಣದ ಹಿಟ್ಟು ಉದುರಿತು.

"ಪುಟ್ಟಿ?" ಎಂದ. "ವೆಲ್ಡಿಂಗ್ ಮೇಲೆ ಯಾರಾದ್ರೂ ಪುಟ್ಟಿ ಹಾಕ್ತಾರಾ? ಕ್ರ್ಯಾಕ್ ಉಂಟಾ ಒಳಗೆ?"

"ಕ್ರ್ಯಾಕ್ ಇಲ್ಲಪ್ಪ. ಒರಟಾಗಿತ್ತು ಅಂತ ನಾನೇ ಹಾಕಿದ್ದು."

"ಆಂಟಿ, ನಿಮ್ಮನ್ನ ನಾನು ಸುಳ್ಳು ಅನ್ನೋದಿಲ್ಲ. ಆದ್ರೆ ಈ ಗಾಡೀಲಿ ಪಕ್ಕದ ಸೀಟಲ್ಲಿ ನನ್ನ ಹೆಂಡ್ತಿ ಕೂತ್ಕೊಳ್ತಾಳೆ. ಮುಚ್ಚಿದ ವೆಲ್ಡ್ ನಾನು ತಗೊಳ್ಳೋದಿಲ್ಲ."

ಕೈ ಒರೆಸಿಕೊಂಡು ಹೊರಟೇಬಿಟ್ಟ. ಗೇಟಿನವರೆಗೆ ಹಿಂದೆಯೇ ಹೋದೆ. ರೋಗಿಗಳ ಕಡೆಯವರು ನನ್ನ ಹಿಂದೆ ಹಾಗೆ ಬರುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವನ ಸ್ಕೂಟರ್ ಹೋದ ಮೇಲೂ ಅಲ್ಲೇ ನಿಂತಿದ್ದೆ. ಆಮೇಲೆ ಮೆಟ್ಟಿಲು ಹತ್ತಿದೆ.

ಮಂಚದ ಮೇಲಿಂದ ಪ್ರಶ್ನೆ ಬಂತು. "ಹೋಯ್ತಾ?"

"ಇಲ್ಲ ರೀ. ನಾನು ಅದಕ್ಕೆ ಪುಟ್ಟಿ ಹಚ್ಚಿಬಿಟ್ಟಿದ್ದೆ, ಬೆಸುಗೆ ಮೇಲೆ. ಬಿರುಕು ಮುಚ್ಚಿದೀವಿ ಅಂದ್ಕೊಂಡ."

ಅವರು ನನ್ನನ್ನೇ ನೋಡಿದರು. ಬಯ್ಯಲು ಬಾಯಿ ತೆರೆದರು. ಮಾತು ಸಿಗಲಿಲ್ಲ. ಮತ್ತೆ ಹುಡುಕಿದರು, ಮತ್ತೂ ಸಿಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದರು. ಮಧ್ಯಾಹ್ನದ ಗಂಜಿ ಮುಟ್ಟಲಿಲ್ಲ. ಸಂಜೆಯ ಮಾತ್ರೆಯನ್ನು ನಾಲಿಗೆಯಿಂದ ಆಚೆ ತಳ್ಳಿದರು. ಆಸ್ಪತ್ರೆಯಲ್ಲಾಗಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಇಲ್ಲಿ ಮಂಚದ ಕಾಲಬಳಿ ಕೂತು ಅವರ ಬೆನ್ನು ನೋಡಿದೆ.

ಮರುದಿನ ಅವರ ಮೈ ಒರೆಸಿ ಮುಗಿಸಿದ ಕೂಡಲೇ ಅಂಗಡಿಗೆ ಹೋಗಿ ಪೇಂಟ್ ರಿಮೂವರ್ ತಂದೆ. ಕೈಗವಸು ಹಾಕಿಕೊಂಡು ಮೆಟ್ಟಿಲ ಕೆಳಗೆ ಕೂತೆ. ಬಣ್ಣ ಗುಳ್ಳೆಯೆದ್ದು ಸುಲಭವಾಗಿ ಸುಲಿಯಿತು. ಪುಟ್ಟಿ ಮಾತ್ರ ಬಿಡಲಿಲ್ಲ. ಬೆಸುಗೆಯ ಗಂಟುಗಳ ನಡುವೆ ಹೊಕ್ಕು ಕೂತಿತ್ತು. ಹೊಲಿಗೆಯ ಸೂಜಿಯಿಂದ ಒಂದೊಂದೇ ಸಂದು ಬಿಡಿಸಿದೆ. ಆಗ ಮೊದಲ ಸಲ ಆ ಬೆಸುಗೆಯನ್ನು ನಿಜವಾಗಿ ನೋಡಿದೆ. ನಾಣ್ಯಗಳನ್ನು ಒಂದರ ಮೇಲೊಂದು ಓರೆಯಾಗಿ ಮಲಗಿಸಿದ ಹಾಗೆ ಸುತ್ತಲೂ ಸಮನಾಗಿ ಸಾಗಿತ್ತು. ಒಳ್ಳೆಯ ಸರ್ಜನ್ ಹಾಕಿದ ಹೊಲಿಗೆಯನ್ನು ನಾನು ಗುರುತಿಸಬಲ್ಲೆ. ಇದು ಆ ಜಾತಿಯದು. ಇದನ್ನು ನಾನು ಅಸಹ್ಯ ಎಂದು ಮುಚ್ಚಿದ್ದೆ.

ಫೋಟೋ ತೆಗೆದು ಆತನಿಗೆ ಕಳಿಸಿದೆ. ಉತ್ತರವಿಲ್ಲ. ಫೋನ್ ಎತ್ತಲಿಲ್ಲ. ಗುಜರಿಯವನು ಇಣುಕಿ, "ಹಚ್ಚಿದ್ದೂ ನೀವ, ಕೆರಿಯೂದೂ ನೀವ. ಚಲೋ ಟೈಂಪಾಸ್ ಆತು ಬಿಡ್ರಿ" ಎಂದ. ಉದುರಿದ ಸಿಪ್ಪೆಯನ್ನೆಲ್ಲ ಗುಡಿಸಿ ಮೇಲೆ ಹೋದೆ. ಆ ದಿನವೂ ಗಂಡ ಊಟ ಮುಟ್ಟಲಿಲ್ಲ. ಒತ್ತಾಯದಿಂದ ಒಂದಿಷ್ಟು ನೀರು ಇಳಿಸಿದೆ.

ನೀರು ನಿಲ್ಲುವ ಹಿಂದಿನ ದಿನ ಆತ ಹೇಳದೆ ಕೇಳದೆ ಬಂದ. ಕೈಯಲ್ಲಿ ಸ್ಪ್ರೇ ಡಬ್ಬಿಗಳು.

"ಫೋಟೋ ನೋಡಿದೆ ಆಂಟಿ. ವೆಲ್ಡ್ ಮಸ್ತ್ ಉಂಟು. ಆದ್ರೂ ಟೆಸ್ಟ್ ಮಾಡ್ಲೇಬೇಕು."

ಮೊದಲು ಬೆಸುಗೆಯ ಮೇಲೆ ಕೆಂಪು ಬಣ್ಣ ಚಿಮುಕಿಸಿ ಕಾದ. ಒರೆಸಿ ತೆಗೆದ. ಆ ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದ. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗಿಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಏಳುತ್ತದಂತೆ. ರಿಪೋರ್ಟಿಗೆ ಕಾಯುವ ಜನರನ್ನು ಕೂರಿಸಿ ಸಮಾಧಾನ ಹೇಳಿದವಳು ನಾನು. ಈಗ ನಾನೇ ಮೊಣಕಾಲೂರಿ ಆ ಬಿಳಿಯನ್ನು ನೋಡುತ್ತ ಕಾದೆ.

ಬಲಗಡೆ ಬಿಳುಪಾಗಿಯೇ ಉಳಿಯಿತು. ಎಡಗಡೆ, ತಳಭಾಗದಲ್ಲಿ, ಒಂದು ಸಣ್ಣ ಕೆಂಪು ಗೆರೆ ಎದ್ದಿತು.

"ಪುಟ್ಟಿ ಉಳಿದಿರ್ಬೇಕು" ಎಂದೆ. "ಅದೇ ಬಣ್ಣ ಕುಡಿದಿದೆ."

"ಇರ್ಬಹುದು. ಇಲ್ದೆಯೂ ಇರ್ಬಹುದು. ನೀವು ಪುಟ್ಟಿ ಹಾಕದಿದ್ರೆ ಕ್ರ್ಯಾಕೋ ಅಲ್ವೋ ಹೇಳ್ಬಹುದಿತ್ತು."

ತೊಳೆದು ಮತ್ತೆ ಮಾಡಿದ. ಗೆರೆ ಮಸುಕಾಯಿತು, ಮಾಯವಾಗಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೇಲೆ ಒಬ್ಬರು ಊಟ ಬಿಟ್ಟು ಕಾಯುತ್ತಿದ್ದಾರೆ ಎಂದೆ. ಬೇಡಿಕೊಳ್ಳುವ ದನಿ ನನ್ನದೇ ಎಂದು ನಂಬಲಾಗಲಿಲ್ಲ.

ಅವನು ಗೆರೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದ. "ತಗೊಳ್ತೇನೆ" ಎಂದ. "ಆದ್ರೆ ಎಡಗಡೆ ನಾನು ಕಟ್ ಮಾಡಿ ಹೊಸ ವೆಲ್ಡ್ ಹಾಕಿಸ್ತೇನೆ. ಬಲಗಡೆ ಮುಟ್ಟೋದಿಲ್ಲ. ಅಂಕಲ್‌ಗೆ ಹೇಳಿ. ಅವರು ಬೇಡ ಅಂದ್ರೆ ಬೇಡ."

ಮೇಲೆ ಹೋದೆ. ಪೂರ್ತಿ ಹೋಯಿತು ಎಂದಷ್ಟೇ ಹೇಳಿದರೆ ಅವರು ನಂಬುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಗೆರೆ, ಪುಟ್ಟಿ, ಕತ್ತರಿಸುವ ವಿಷಯ. ಗೋಡೆಯ ಕಡೆಯಿಂದ ಅವರು ನಿಧಾನವಾಗಿ ತಿರುಗಿದರು. ಕಣ್ಣಲ್ಲಿ ನೀರಿತ್ತು. ನನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ.

"ಓಡಿಸ್ತಾನಾ?" ಎಂದರು.

"ಓಡಿಸ್ತಾನೆ. ಹೆಂಡತೀನ ಕೂರಿಸ್ಕೊಂಡು."

ಅವರು ಹೂಂ ಎಂದು ತಲೆಯಾಡಿಸಿದರು, ನಾನು ಕಿಟಕಿಯಿಂದ ಒಯ್ಯಲು ಹೇಳಿದೆ. ಕೆಳಗೆ ಅವನು ತರಿಸಿದ ಟೆಂಪೋಗೆ ಆಕ್ಸಲ್ ಹತ್ತಿಸುವ ಸದ್ದಾಯಿತು. ಗುಜರಿಯವನ ದನಿಯೂ ಕೇಳಿಸಿತು, "ಸಾವಕಾಶ, ಸಾವಕಾಶ" ಎನ್ನುತ್ತ ಕೈಕೊಡುತ್ತಿದ್ದ. ಟೆಂಪೋ ಗೇಟು ದಾಟುವವರೆಗೆ ಅವರು ಕಿವಿಗೊಟ್ಟು ಮಲಗಿದ್ದರು. ಸದ್ದು ನಿಂತ ಮೇಲೆ ಮಂಚದ ಕಂಬಿಯಿಂದ ಎಡಗೈ ತೆಗೆದರು.

"ಅಂಗಿ" ಎಂದರು.

ಕಟ್ಟಿಟ್ಟ ಗಂಟು ಬಿಚ್ಚಿ ಅಂಗಿ ತಂದೆ. ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಿದೆ. ಆ ಮೇಲೆ ಇನ್ನೊಂದನ್ನು.