ಗಾಡಿ ಕೊಟ್ಟರು, ಚಾವಿ ಕೊಡಲಿಲ್ಲ

ದುಡ್ಡು ಕೊಟ್ಟಾಗಿತ್ತು. ಕಾಗದಕ್ಕೆ ಸಹಿ ಬಿದ್ದಿತ್ತು. ಚಹಾನೂ ಕುಡಿದಾಗಿತ್ತು. ಬೈಕು ಅಂಗಳದ ಬೇವಿನ ಗಿಡದ ನೆರಳಲ್ಲಿ ನಿಂತಿತ್ತು. ನಾನು ಕೈ ಚಾಚಿ ‘ಚಾವಿ ಕೊಡ್ರಿ’ ಅಂದೆ.

‘ಚಾವಿ ಕೊಡಂಗಿಲ್ಲ’ ಅಂತು ಮನೆಯೊಳಗಿನಿಂದ ಒಂದು ದನಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಸವೆದ ಟೈರ್ ಕೊಟ್ಟಾರು, ಸತ್ತ ಬ್ಯಾಟರಿ ಕೊಟ್ಟಾರು. ಹತ್ತಿರದ ಬಂಕ್ ಮುಟ್ಟುವಷ್ಟೂ ಪೆಟ್ರೋಲ್ ಇಲ್ಲದ ಟ್ಯಾಂಕ್ ಕೊಟ್ಟಾರು. ಆದರೆ ಗಾಡಿ ಮಾರಿ ಚಾವಿ ತಾವೇ ಇಟ್ಟುಕೊಂಡವರನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಕಳೆದ ವಾರ, ಸಿಂಧನೂರಿನ ಆಚೆ, ದಢೇಸುಗೂರಿನಲ್ಲಿ.

ಇರಲಿ. ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ಮಸ್ಕಿಯ ನಮ್ಮ ಮನೆಯಲ್ಲಿ ನನ್ನದೊಂದು ಸ್ಕೂಟಿ ಇದೆ. (ನನ್ನದು ಅನ್ನುವುದು ನನ್ನ ಭ್ರಮೆ.) ನಮ್ಮನೆಯವರು ನನ್ನ ಹೆಸರಿಗೇ ಕೊಡಿಸಿದರು. ಪೂಜೆ ಮಾಡಿಸಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದರು. ಒಂದು ಚಾವಿ ನನ್ನ ಕೈಗೆ ಕೊಟ್ಟರು. ಇನ್ನೊಂದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.

ಆ ಮೊಳೆಯೇ ನನ್ನ ವೈರಿ.

ನನ್ನ ಮೈದುನ ಶರಣುಗೆ ವಾರದಲ್ಲಿ ನಾಲ್ಕು ದಿನ ಲಿಂಗಸುಗೂರಿನ ತಾಲೂಕು ಆಫೀಸಿನಲ್ಲಿ ಕೆಲಸ. ಏನು ಕೆಲಸ ಅಂತ ಆಫೀಸಿನವರಿಗೂ ಗೊತ್ತಿರಲಿಕ್ಕಿಲ್ಲ. ಮೊಳೆಯಿಂದ ಚಾವಿ ತೆಗೆಯುತ್ತಾನೆ, ಹೊರಡುತ್ತಾನೆ. ಫೋನ್ ಮಾಡಿ ಬೈದರೆ, ‘ಅತ್ತಿಗಿ, ನೀವು ಮನ್ಯಾಗ ಇದ್ರಲ್ಲ ಅಂತ ಒಯ್ದೆ’ ಅನ್ನುತ್ತಾನೆ. ನಾನು ಮನೆಯಲ್ಲಿರುವುದಿಲ್ಲ. ಚಪ್ಪಲಿ ಮೆಟ್ಟಿ, ಬುತ್ತಿ ಹಿಡಿದು ಕಟ್ಟೆಯ ಮೇಲೆ ನಿಂತಿರುತ್ತೇನೆ! ಅವನಿಲ್ಲದ ದಿನ ಪಕ್ಕದ ಮನೆಯವರು ಬಂದು, ‘ಚಾವಿ ಅಲ್ಲೇ ಐತಲ್ಲ’ ಅಂತ ತಾವೇ ತೆಗೆದುಕೊಳ್ಳುತ್ತಾರೆ. ಮೊಳೆಯ ಮೇಲಿದ್ದದ್ದು ಊರಿನದು.

ಇನ್ನು ನನ್ನ ಹೊಲ. ಹೊಲದ ಬಗ್ಗೆ ನಾನು ಹಾಕುವ ವಿಡಿಯೋ ನೋಡುವವರಿಗೆ ಗೊತ್ತು, ಸಂತೆಕಲ್ಲೂರಿನ ಹತ್ತಿರ ತವರಿನಿಂದ ನನಗೆ ಬಂದ ಹೊಲ ಇದೆ. ತೊಗರಿ, ಜೋಳ. ನಾನೇ ನೋಡಿಕೊಳ್ಳುತ್ತೇನೆ. ಸ್ಕೂಟಿ ಸಿಕ್ಕ ದಿನವೂ ಮಳೆಯಾಗಿದ್ದರೆ ಮುಗಿಯಿತು. ಎರೆಮಣ್ಣು ಗೊತ್ತಲ್ಲ ನಿಮಗೆ? ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನಾಲ್ಕು ಮಾರು ಹೋಗುವುದರೊಳಗೆ ಗಾಲಿಗೂ ಮಡ್‌ಗಾರ್ಡ್‌ಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಇಳಿಯಬೇಕು, ಕಡ್ಡಿ ಹುಡುಕಬೇಕು, ಕೆರೆಯಬೇಕು. ಮತ್ತೆ ನಾಲ್ಕು ಮಾರು. ಮತ್ತೆ ಕಡ್ಡಿ. ಕೊನೆಗೆ ಯಾರದೋ ಬೈಕಿನ ಹಿಂದೆ ಹತ್ತಿ, ಅವರಿಗೆ ಪುರಸೊತ್ತಾದಾಗ ನನ್ನ ಹೊಲಕ್ಕೆ ನಾನು ಹೋಗಬೇಕು.

ಇದಕ್ಕೆ ಮದ್ದು ಎಂಡ್ಯೂರೋ ಬೈಕು ಅಂತ ನಾನೇ ಫೋನಿನಲ್ಲಿ ಹುಡುಕಿ ಕಂಡುಕೊಂಡೆ. ಗುಡ್ಡ, ಕಲ್ಲು, ಕೆಸರಿನಲ್ಲಿ ಓಡಿಸಲೆಂದೇ ಮಾಡಿದ ಗಾಡಿ. ಮುಂದಿನ ಮಡ್‌ಗಾರ್ಡ್ ಗಾಲಿಯಿಂದ ಗೇಣು ಮೇಲಿರುತ್ತದೆ. ಮೆತ್ತಿದ ಮಣ್ಣು ತಾನೇ ಉದುರುತ್ತದೆ. ಮೈಯಲ್ಲಿ ಹಗುರ, ಬಿದ್ದರೆ ಒಬ್ಬಳೇ ಎತ್ತಬಹುದು. ಹೊಸದು ನನ್ನ ಕೈಗೆ ಎಟುಕುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್.

ಇಷ್ಟು ಹೇಳಿದ್ದೇ ತಡ, ಮಸ್ಕಿಗೆ ಮಸ್ಕಿಯೇ ಬುದ್ಧಿ ಹೇಳಲು ನಿಂತಿತು.

‘ಮಗನಿಗೇನ್ರೀ?’ (ನನಗೆ ಮಗನಿಲ್ಲ. ಮಗಳಿದ್ದಾಳೆ, ಅವಳಿಗೆ ಧೂಳು ಕಂಡರೆ ಸೀನು.)

‘ಮೈಲೇಜ್ ಬರಂಗಿಲ್ರೀ ಅಕ್ಕಾರ’ ಅಂದ ನಮ್ಮ ಓಣಿಯ ಮೆಕ್ಯಾನಿಕ್. ‘ಹಿಂದ ಮಂದೀನ ಕೂಡಿಸ್ಕೊಳ್ಳಾಕ ಬರಂಗಿಲ್ಲ, ಚೀಲ ಹೇರಾಕ ಬರಂಗಿಲ್ಲ. ಏನ್ ಮಾಡ್ತೀರಿ ತಗೊಂಡು?’

‘ನಾ ಕೂಡ್ತೀನಿ’ ಅಂದೆ.

ಅವನಿಗೆ ಈ ಉತ್ತರ ಅರ್ಥವಾಗಲೇ ಇಲ್ಲ.

ಅಂತೂ ಫೋನಿನಲ್ಲಿ ಒಂದು ಗಾಡಿ ಕಂಡಿತು, ದಢೇಸುಗೂರಿನ ಮೌಲಾಸಾಬನದು. ನಮ್ಮನೆಯವರನ್ನೂ ಕರೆದುಕೊಂಡು ಹೊರಟೆ. ಅವರಿಗೆ ಬಟ್ಟೆ ಅಂಗಡಿ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ, ಗೇರ್ ಗಾಡಿಯಂತೂ ಮುಟ್ಟಿದವರೇ ಅಲ್ಲ. ಆದರೆ ಗಂಡಸು ಜೊತೆಗಿಲ್ಲದಿದ್ದರೆ ಗಾಡಿ ಮಾರುವವರು ಮಾತಾಡಿಸುವುದಿಲ್ಲ ಅಂತ ನನಗೆ ಗೊತ್ತಿತ್ತು. ಜೊತೆಗಿದ್ದರೆ ಅವರನ್ನಷ್ಟೇ ಮಾತಾಡಿಸುತ್ತಾರೆ ಅನ್ನೋದು ಮರೆತಿದ್ದೆ. ಹೋದದ್ದು ಬಸ್ಸು, ಆಟೋ ಹಿಡಿದು. ಸ್ಕೂಟಿ ಎಲ್ಲಿತ್ತು ಅಂತ ಕೇಳಬೇಡಿ. ಲಿಂಗಸುಗೂರಿನಲ್ಲಿತ್ತು.

ಮೌಲಾ ಒಳ್ಳೆಯ ಹುಡುಗ. ಗಾಡಿ ಚೆನ್ನಾಗಿಯೇ ಇಟ್ಟಿದ್ದ. ಗದ್ದೆಗೆ ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ ಎಲ್ಲ ಅದರ ಮೇಲೇ ಸಾಗಿಸಿದ್ದನಂತೆ. ಈಗ ಮದುವೆ ಗೊತ್ತಾಗಿದೆ, ಅದಕ್ಕೇ ಮಾರಾಟ. ‘ಬೀಗರು ಗಾಡಿ ನೋಡಿ ನಕ್ಕಾರ್ರೀ. ನಮ್ಮ ಹುಡುಗಿ ಹತ್ತಾಕ ನಿಚ್ಚಣಿಕಿನೂ ಕೊಡ್ತೀರೇನು ಅಂತಾರ!’

ಆಮೇಲೆ ನಮ್ಮನೆಯವರ ಕಡೆ ತಿರುಗಿದ. ‘ಸಾವ್ಕಾರ್ರ, ಒಂದ್ ರೌಂಡ್ ಹೊಡೀರಿ.’

‘ನನಗ ಗೇರ್ ಬರಂಗಿಲ್ಲಪ. ಆಕಿಗೆ ಕೊಡು.’

ಮೌಲಾ ನನ್ನ ಹಿಂದೆ ಇಣುಕಿ ನೋಡಿದ. ಅಲ್ಲಿ ಇನ್ಯಾರೂ ಇರಲಿಲ್ಲ.

ಕಾಲುವೆ ಏರಿಯ ಮೇಲೆ ಒಂದು ಸುತ್ತು ಹೊಡೆದು ಬಂದೆ. ಅಪ್ಪನ ಹಳೇ ಬೈಕಿನಲ್ಲಿ ಕಲಿತ ಕೈ, ಮರೆತಿರಲಿಲ್ಲ. ನೆಲಕ್ಕೆ ತುದಿಗಾಲಷ್ಟೇ ಮುಟ್ಟುತ್ತಿತ್ತು, ಆದರೆ ಮುಟ್ಟುತ್ತಿತ್ತು. ಎಡಬಲಕ್ಕೆ ಭತ್ತದ ಗದ್ದೆ, ಎದೆಗೆ ಗಾಳಿ. ಎಷ್ಟು ವರ್ಷವಾಗಿತ್ತು ಇಷ್ಟು ಖುಷಿಯಾಗಿ! ಇಳಿದು, ‘ಕ್ಲಚ್ ಭಾಳ ಮ್ಯಾಲ ಹಿಡೀತೈತಿ, ಚೈನ್ ಸಡ್ಲ ಆಗೈತಿ’ ಅಂದೆ.

‘ಸಾವ್ಕಾರ್ರ, ಚೈನ್ ಬಿಗಿ ಮಾಡಿಸಿದ್ರ ಮುಗೀತ್ರೀ’ ಅಂತ ಮೌಲಾ ನಮ್ಮನೆಯವರಿಗೆ ಹೇಳಿದ. ಅವರು ಎಂಜಿನ್ನನ್ನೇ ದಿಟ್ಟಿಸಿ ನೋಡಿ, ‘ಹ್ಞೂಂ, ಚೈನ್ ಸಡ್ಲ ಐತಿ’ ಅಂದರು.

ರೇಟು ಕೇಳಿದ್ದು ನಾನು, ಉತ್ತರ ಹೋದದ್ದು ಅವರಿಗೆ. ದುಡ್ಡು ಕೊಟ್ಟದ್ದು ನಾನು, ‘ಎಣಿಸ್ಕೊಂಡೆ ಸಾವ್ಕಾರ್ರ’ ಅಂದದ್ದು ಅವರಿಗೆ. ಆರ್‌ಸಿ ಯಾರ ಹೆಸರಿಗೆ ಅಂತ ಕೇಳಿದ್ದೂ ಅವರನ್ನೇ. ನನ್ನ ತಲೆ ಒಲೆಯ ಮೇಲಿನ ಹಾಲಾಗಿತ್ತು. ಇನ್ನೇನು ಉಕ್ಕಬೇಕು, ಅಷ್ಟರಲ್ಲಿ ಒಳಗಿನಿಂದ ಆ ದನಿ ಬಂತು: ‘ಚಾವಿ ಕೊಡಂಗಿಲ್ಲ.’

ಉಕ್ಕಿತು.

‘ಯಾಕ ಕೊಡಂಗಿಲ್ಲ? ಹೆಣ್ಮಗಳ ಕೈಗೆ ಚಾವಿ ಕೊಡಬಾರದೇನು? ಮುಂಜಾನಿಂದ ನೋಡಾಕತ್ತೀನಿ, ಮಾತಾಡೂದು ಗಂಡಸರ ಕೂಡ, ರೊಕ್ಕ ಇಸ್ಕೊಳ್ಳೂದು ನನ್ನ ಕಡಿಂದ! ಓಡಿಸಾಕಿ ನಾನು, ಕೊಳ್ಳಾಕಿ ನಾನು...’

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಬ್ಬ ಸಣ್ಣ ದೇಹದ ಮುದುಕಿ ಹೊರಗೆ ಬಂದರು. ಮೌಲಾನ ತಾಯಿ ಹುಸೇನಬಿ. ನಾನು ಮುಗಿಸುವ ತನಕ ಬಾಗಿಲಿಗೆ ಒರಗಿ ಕಾದರು.

‘ಆಯ್ತಾ?’

‘ಆಯ್ತು’ ಅಂದೆ. ಉಸಿರು ಮುಗಿದಿತ್ತು.

‘ನೀ ಎಮ್ಮಿ ಕೊಂಡಿದ್ರ ಹಗ್ಗ ಕೇಳ್ತಿದ್ದೇನವ್ವ?’

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ದನ ಮಾರಿದವರು ದನ ಕೊಡುತ್ತಾರೆ, ಹಗ್ಗ ಕೊಡುವುದಿಲ್ಲ. ಹಗ್ಗ ಬಿಚ್ಚಿ ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಕೊಂಡವನು ತನ್ನ ಹಗ್ಗ ತಾನೇ ತಂದು ಕಟ್ಟಿಕೊಂಡು ಹೋಗಬೇಕು. ನಮ್ಮಪ್ಪ ಎತ್ತು ಕೊಳ್ಳಲು ಹೊರಟರೆ ಹೆಗಲ ಮೇಲೆ ಹೊಸ ಹಗ್ಗ ಇರುತ್ತಿತ್ತು. ಮಾರಲು ಹೋಗಿ ಬಂದರೆ ಕೈಯಲ್ಲಿ ಹಳೇ ಹಗ್ಗ.

‘ಈ ಮೌಲಾನ ಅಪ್ಪ ದನದ ವ್ಯಾಪಾರ ಮಾಡ್ತಿದ್ದ’ ಅಂದರು ಹುಸೇನಬಿ. ‘ಎಷ್ಟ್ ದನ ಮಾರ್ಯಾನೋ. ಒಂದ್ ಹಗ್ಗ ಸುದ್ದಾ ಈ ಹೊಸ್ತಿಲ ದಾಟಿಲ್ಲ. ಹಗ್ಗ ಹೋದ್ರ ಮನಿ ಏಳಿಗಿ, ಬರಕತ್ ಹೋಗ್ತೈತಿ.’

‘ಯಮ್ಮಾ, ಇದು ದನ ಅಲ್ಲ, ಗಾಡಿ!’ ಅಂದ ಮೌಲಾ.

‘ಈ ಮನ್ಯಾಗ ದುಡದೈತಿಲ್ಲೋ?’

‘ದುಡದೈತಿ...’

‘ದುಡದ ಮ್ಯಾಲ ದನಾನ.’

‘ಎಮ್ಮಿ ಹಗ್ಗ ಇಲ್ದನೂ ನಡೀತೈತಿ. ಇದು ಚಾವಿ ಇಲ್ದ ನಡೀತೈತೇನು? ಮಸ್ಕಿ ತನಕ ದೂಡ್ಕೊಂಡ್ ಹೋಗ್ಲ್ಯಾ?’ ಅಂದೆ ನಾನು.

‘ನಿನ್ನ ಹಗ್ಗ ನೀ ತಂದಿಲ್ಲ. ಅದಕ್ಕ ನಾ ಏನ್ ಮಾಡ್ಲಿ?’

ಮೌಲಾ ಮತ್ತೆ ನಡುವೆ ಬಾಯಿ ಹಾಕಿದ. ‘ಅಮ್ಮಾ, ದೇ ದೇ ನಾ, ಕೊಟ್ಟಬಿಡು...’

‘ತೂ ಚುಪ್ ಬೈಟ್!’

ಮೌಲಾ ಚುಪ್ ಕುಳಿತ. ನಮ್ಮನೆಯವರು ಬೇವಿನ ಗಿಡದ ಟೊಂಗೆ ಎಣಿಸತೊಡಗಿದರು. ಇಷ್ಟು ಹೊತ್ತು ‘ಸಾವ್ಕಾರ್ರ’ ಆಗಿದ್ದವರು, ಬೇಕಾದಾಗ ಗಿಡದ ಕಡೆ ತಿರುಗಿಬಿಟ್ಟರು ನೋಡಿ.

ಇನ್ನೊಂದು ಚಾವಿ ಇಲ್ಲವಾ ಅಂದೆ. ಇತ್ತಂತೆ. ಗಾಡಿ ತೊಳೆಯುವಾಗ ಕಾಲುವೆಗೆ ಬಿದ್ದು ಹೋಯಿತಂತೆ. ಅಂದರೆ ಇದ್ದದ್ದು ಒಂದೇ. ನಾನು ಸುತ್ತು ಹೊಡೆದು ಬಂದ ಮೇಲೆ ಮೌಲಾ ಅದನ್ನು ಒಳಗೆ ಕೊಟ್ಟಿದ್ದ, ಈಗ ಅದು ಹುಸೇನಬಿಯ ಸೊಂಟದಲ್ಲಿ.

ಬಹಳ ಎಳೆದಾಡಿದ ಮೇಲೆ ಒಂದು ತೀರ್ಮಾನವಾಯಿತು. ಮೌಲಾನೇ ಗಾಡಿಯನ್ನು ಸಿಂಧನೂರಿಗೆ ಓಡಿಸಿಕೊಂಡು ಬರಬೇಕು. ಅಲ್ಲಿ ನಾನು ನನ್ನ ದುಡ್ಡಿನಲ್ಲಿ ಹೊಸ ಚಾವಿ ಮಾಡಿಸಬೇಕು. ಹಳೆಯದನ್ನು ಅವನು ವಾಪಸ್ ತಂದು ತಾಯಿಯ ಕೈಗೆ ಕೊಡಬೇಕು. ‘ಅಂಗಡಿಯವ್ನ ಕೈಗೆ ಕೊಟ್ರ ಅವ್ನ ಮುಂದನ ನಿಂದ್ರು. ಕಣ್ಣ ಮರಿ ಮಾಡಬ್ಯಾಡ’ ಅಂತ ಮಗನಿಗೆ ಹುಸೇನಬಿ ತಾಕೀತು ಮಾಡಿದರು.

ದಾರಿಯುದ್ದಕ್ಕೂ ಆಟೋದಲ್ಲಿ ಕುಳಿತು ಹಲ್ಲು ಕಡಿದೆ. ನಮ್ಮ ಮುಂದೆ ನನ್ನ ಗಾಡಿ ಓಡುತ್ತಿತ್ತು, ಮೇಲೆ ಬೇರೆಯವನು! ಯಾವ ಕಾಲದಲ್ಲಿದ್ದಾರೆ ಈ ಜನ? ಎಮ್ಮೆಯಂತೆ, ಹಗ್ಗವಂತೆ. ‘ಏನರ ಹೇಳ್ರಿ’ ಅಂತ ನಮ್ಮನೆಯವರನ್ನು ತಿವಿದೆ. ‘ಆ ಮುದುಕಿ ಕೂಡ ನಾನೂ ಮಾತಾಡ್ಬೇಕಿತ್ತೇನು?’ ಅಂದರು. ಅದೂ ಖರೆ. ಆ ಮುದುಕಿಯ ಮುಂದೆ ನಾನೇ ಸೋತು ಬಂದಿದ್ದೆ.

ಸಿಂಧನೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಛತ್ರಿ ಬಿಚ್ಚಿ ಕುಳಿತ ಚಾವಿ ಮಾಡುವವನು ಕೊರೆದ, ಉಜ್ಜಿದ, ಗಾಡಿಗೆ ಹಾಕಿ ತಿರುಗಿಸಿದ. ತಿರುಗಿತು. ಮೌಲಾ ತನ್ನದನ್ನು ಕಸಿದು ಅಂಗಿಯ ಒಳಜೇಬಿಗೆ ಹಾಕಿ, ಮೇಲೆ ಕೈ ಇಟ್ಟುಕೊಂಡ. ಚಾವಿಯವನು ಹೊಸದನ್ನು ಎಂದಿನಂತೆ ನಮ್ಮನೆಯವರ ಕಡೆ ಚಾಚಿದ.

‘ನನಗ್ಯಾಕಪ? ನನಗ ಗೇರ್ ಬರಂಗಿಲ್ಲ’ ಅಂದರು ಇವರು. ಚಾವಿಯವನು ಅವರನ್ನು ಮರುಕದಿಂದ ನೋಡಿ, ನನ್ನ ಅಂಗೈಗೆ ಹಾಕಿದ. ಇನ್ನೂ ಬೆಚ್ಚಗಿತ್ತು.

‘ಇನ್ನೊಂದ್ ಮಾಡ್ಲೇನ್ರೀ ಅಕ್ಕಾರ? ಮನ್ಯಾಗ ಇದ್ರ ಛಲೋ. ಯಾರಿಗರ ಬೇಕಾಗ್ತೈತಿ.’

‘ಮಾಡಪ’ ಅನ್ನಲು ಬಾಯಿ ತೆರೆದೆ. ಕಣ್ಣ ಮುಂದೆ ಬಂತು ಬಾಗಿಲ ಹಿಂದಿನ ಮೊಳೆ.

ನಮ್ಮ ಕಡೆ ಹೆಂಗಸರಿಗೆ ಏನನ್ನೂ ಕೊಡುವುದಿಲ್ಲ ಅಂತ ಯಾರು ಹೇಳಿದರು? ಎಲ್ಲ ಕೊಡುತ್ತಾರೆ. ಫೋನ್ ಕೊಡಿಸುತ್ತಾರೆ, ಪಾಸ್‌ವರ್ಡ್ ಮನೆಮಂದಿಗೆಲ್ಲ ಗೊತ್ತಿರಬೇಕು. ಎಟಿಎಂ ಕಾರ್ಡ್ ನಮ್ಮ ಹೆಸರಲ್ಲೇ ಇರುತ್ತದೆ, ಗಂಡನ ಪರ್ಸಿನಲ್ಲಿರುತ್ತದೆ. ಸ್ಕೂಟಿ ಬರುತ್ತದೆ, ಸ್ಟೇಟಸ್ಸೂ ಬರುತ್ತದೆ. ಹಗ್ಗ ಮಾತ್ರ ಅಲ್ಲೇ ಉಳಿಯುತ್ತದೆ. ದಾರಿಯುದ್ದಕ್ಕೂ ನಾನು ಆ ಮುದುಕಿಯನ್ನು ಸುಮ್ಮನೆ ಬೈದೆ. ಹುಸೇನಬಿ ಹೇಳಿ ಇಟ್ಟುಕೊಂಡರು. ಉಳಿದವರು ಹೇಳದೇ ಇಟ್ಟುಕೊಳ್ಳುತ್ತಾರೆ.

‘ಬ್ಯಾಡ. ಒಂದ ಸಾಕು’ ಅಂದೆ.

ಹೆಲ್ಮೆಟ್ ಹಾಕಿಕೊಂಡು, ನಮ್ಮನೆಯವರನ್ನು ಹಿಂದೆ ಹತ್ತಿಸಿಕೊಂಡೆ. (ನಿಚ್ಚಣಿಕೆ ಬೇಕಿತ್ತು. ಬೀಗರು ಸುಳ್ಳು ಹೇಳಿಲ್ಲ.) ಸರ್ಕಲ್‌ನಲ್ಲಿ ಗಾಡಿ ನಿಂತಾಗ ಚಹಾದಂಗಡಿಯ ಮುಂದೆ ಕುಳಿತಿದ್ದ ಒಬ್ಬರು ಎದ್ದು ಬಂದು, ನಮ್ಮನೆಯವರನ್ನು ಕಳಕಳಿಯಿಂದ ಕೇಳಿದರು:

‘ಯಜಮಾನ್ರ, ಕೈಗೆ ಏನರ ಆಗೈತೇನ್ರೀ?’

ಮಸ್ಕಿ ಮುಟ್ಟುವ ತನಕ ನಮ್ಮನೆಯವರು ನನ್ನ ನಗು ಕೇಳುತ್ತ ಬಂದರು. ನಾನು ನಕ್ಕದ್ದು ಅವರ ಹೊಟ್ಟೆಗೆ ತಾಗುವಷ್ಟು ಹತ್ತಿರ ಕುಳಿತಿದ್ದರು ಪಾಪ.

ಮೊನ್ನೆ ರಾತ್ರಿ ಮಳೆ ಬಿತ್ತು. ಬೆಳಿಗ್ಗೆ ಯಾರನ್ನೂ ಕೇಳದೆ ಹೊರಟೆ. ಸಂತೆಕಲ್ಲೂರು ದಾಟಿ ಹೊಲದ ದಾರಿಗೆ ಇಳಿಸಿದೆ. ಮಣ್ಣು ಮೆತ್ತಿತು, ಉದುರಿತು. ಮೆತ್ತಿತು, ಉದುರಿತು. ಒಂದು ಕಡೆ ಜಾರಿ ಬಿದ್ದೆ. (ಬೀಳದೆ ಇರುತ್ತೇನಾ?) ಸುತ್ತ ನೋಡಿದೆ, ಎತ್ತಲು ಯಾರೂ ಇರಲಿಲ್ಲ. ಬುದ್ಧಿ ಹೇಳಲೂ ಯಾರೂ ಇರಲಿಲ್ಲ. ಒಬ್ಬಳೇ ಎತ್ತಿದೆ. ಬದುವಿನ ಮೇಲೆ ಕುಳಿತು ಬುತ್ತಿ ಉಂಡು, ಮನಸ್ಸಾದಾಗ ಎದ್ದು ಬಂದೆ. ಯಾರ ಪುರಸೊತ್ತನ್ನೂ ಕಾಯಲಿಲ್ಲ.

ಮನೆಗೆ ಬಂದಾಗ ಮೊಣಕಾಲ ತನಕ ಎರೆಮಣ್ಣು. ಕಟ್ಟೆಯ ಮೇಲೆ ಶರಣು ನಿಂತಿದ್ದ. ಸ್ಕೂಟಿಯನ್ನು ಪಕ್ಕದ ಮನೆಯವರು ಒಯ್ದಿದ್ದರಂತೆ. ಬಾಗಿಲ ಹಿಂದಿನ ಮೊಳೆಯನ್ನು ಆಗಲೇ ತಡವಿ ನೋಡಿದ್ದ ಅಂತ ಮುಖವೇ ಹೇಳುತ್ತಿತ್ತು.

‘ಅತ್ತಿಗಿ, ಇದರದು ಇನ್ನೊಂದ್ ಚಾವಿ ಎಲ್ಲೈತ್ರಿ?’

‘ದಢೇಸುಗೂರಾಗ ಐತಿ. ಹುಸೇನಬಿ ಅಂತ ಒಬ್ರು ಅದಾರ. ಅವ್ರ ಸೊಂಟದಾಗ ಐತಿ, ಹೋಗಿ ಇಸ್ಕೊಂಡ್ ಬಾ.’

‘ಕೇಳಿದ್ರ ಕೊಡ್ತಾರೇನ್ರೀ ಅವ್ರು?’

‘ತಮ್ಮ ಹಗ್ಗ ತಾವಾಗಿ ಯಾರರ ಕೊಡ್ತಾರೇನೋ ಶರಣೂ?’