ಪರದೆಯಾಚೆಯ ಭಾನುವಾರ

ಸಕಲೇಶಪುರದ ನಮ್ಮ ಕಾಫಿಪುಡಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ಒಂದು ಹಸಿರು ಪರದೆ ಇದೆ. ಪರದೆಯ ಈಚೆ ಪುಡಿ ಕಟ್ಟಿ ಮಾರುವವಳು ನಾನು. ಆಚೆ ಹುರಿಯುವ, ಬೀಸುವ ಮಿಷನ್ನುಗಳು ಮತ್ತು ಕೆಟ್ಟ ಕಾಳು ಆರಿಸುವ ಹೆಂಗಸರು. ಅವರು ಬರುವುದೂ ಹೋಗುವುದೂ ಹಿಂಬಾಗಿಲಿನಿಂದ. ಧಣಿಗಳು ಮಾತ್ರ ಎಲ್ಲವನ್ನೂ ಸೇರಿಸಿ ‘ಅಂಗಡಿ’ ಅನ್ನುತ್ತಿದ್ದರು. ನಾನು ಕೌಂಟರಿಗೊಂದು ಕುರ್ಚಿ ಕೇಳಿದ ದಿನ ಮಾತ್ರ, “ಫ್ಯಾಕ್ಟರೀಲಿ ಯಾರಮ್ಮ ಕೂತ್ಕಂಡು ಕೆಲ್ಸ ಮಾಡ್ತಾರೆ?” ಅಂದರು. ಆಚೆಯವರು ನೆಲದಲ್ಲಿ ಕೂತೇ ಕಾಳು ಆರಿಸುವುದು ಅವರಿಗೆ ಆಗ ನೆನಪಾಗಲಿಲ್ಲ. ಕೆಟ್ಟವರಲ್ಲ. ಜ್ವರ ಬಂದರೆ ತಾವೇ ಆಟೋ ಹತ್ತಿಸಿ ಕಳಿಸುತ್ತಿದ್ದರು. ಆದರೆ ಭಾನುವಾರದ ಮಾತೆತ್ತಿದರೆ ಕಿವಿ ಕೇಳಿಸುತ್ತಿರಲಿಲ್ಲ. ಪ್ರವಾಸಿಗರ ಕಾರುಗಳು ಬಂದು ನಿಲ್ಲುವುದು ಅವತ್ತೇ. ನಮಗೆಲ್ಲ ರಜೆ ಬುಧವಾರ.

ಕಾಳು ಆರಿಸುವವರಲ್ಲಿ ಒಬ್ಬಳು ನನ್ನ ಗೆಳತಿ. ಮಧ್ಯಾಹ್ನದ ಬುತ್ತಿ ಹಂಚಿಕೊಂಡು ತಿನ್ನುವವರು ನಾವು. ಅವಳ ಅಜ್ಜ ಮಂಗಳೂರಿನ ಕಡೆಯಿಂದ ಎಸ್ಟೇಟಿಗೆ ಬಂದವರು. ಅವಳ ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆಯುವ ದಿನ ಗೊತ್ತಾಯಿತು. ಭಾನುವಾರ. ಮಗುವಿಗೆ ಜೀವನದಲ್ಲಿ ಒಂದೇ ಸಲ ಬರುವ ದಿನ.

“ಅಂಗಡಿ ಕಣಮ್ಮ ಇದು. ಭಾನುವಾರ ಬಿಡಕ್ಕಾಯ್ತದಾ?” ಅಂದರು ಧಣಿ, ಅವಳು ರಜೆ ಕೇಳಿದಾಗ. ಅವಳು ಅವತ್ತು ಬುತ್ತಿಯನ್ನೇ ಬಿಚ್ಚಲಿಲ್ಲ.

ಆ ವಾರವೇ ಕಾರ್ಮಿಕ ಇಲಾಖೆಯವರೊಬ್ಬರು ಅಂಗಡಿಗಳ ತಪಾಸಣೆಗೆ ಬಂದರು. ಧಣಿ ಕಾಫಿ ಕೊಟ್ಟು ಮಾತಾಡಿಸುತ್ತಿರುವಾಗ ಹಿಂದೆ ಮಿಷನ್ನು ಗುರ್ ಅಂದಿತು. ಇಲಾಖೆಯವರು ಲೋಟ ಕೆಳಗಿಟ್ಟು ಪರದೆ ಸರಿಸಿದರು.

“ಏನ್ರೀ ಇದು, ಕರೆಂಟ್ ಮಿಷನ್ನು, ಇಷ್ಟೊಂದು ಜನ! ಇದು ಅಂಗಡಿ ಅಲ್ಲ, ಕಾರ್ಖಾನೆ. ಇದಕ್ಕೆ ಕಾನೂನೇ ಬೇರೆ.”

“ಹಂಗಾರೆ ನಮ್ಗೆ ಭಾನುವಾರ ರಜಾ ಐತಾ ಸಾರ್?” ಮೊರದ ಮುಂದೆ ಕೂತಿದ್ದ ನನ್ನ ಗೆಳತಿ ಕೇಳಿಯೇಬಿಟ್ಟಳು.

“ಫ್ಯಾಕ್ಟರಿಗೆ ಭಾನುವಾರಾನೇ ರಜೆ. ಬದಲಾಯಿಸೋದಿದ್ರೆ ಮೊದಲೇ ಬರೆದು ತಿಳಿಸಬೇಕು.”

ಧಣಿ ತಲೆ ಕೆರೆದುಕೊಂಡರು. “ಆಯ್ತು, ಹೋಗ್ಬುಟ್ ಬಾರಮ್ಮ,” ಅಂದರು ಕೊನೆಗೆ.

ನಾನು ಕುಣಿಯುವುದೊಂದು ಬಾಕಿ. ಆಮೇಲೆ ಹೊಳೆಯಿತು: ನಾನು ಪರದೆಯ ಈಚೆಯವಳು. ಈಚೆ ಇನ್ನೂ ಅಂಗಡಿಯೇ, ರಜೆ ಬುಧವಾರವೇ. ಮಗಳ ಆ ದಿನಕ್ಕೆ ಚರ್ಚಿಗೆ ಬಾ ಎಂದು ಅವಳು ಮೊದಲು ಕರೆದದ್ದು ನನ್ನನ್ನೇ, ನಾನೇ ಹೋಗುವಂತಿರಲಿಲ್ಲ.

ಆ ಭಾನುವಾರ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ರೇಷ್ಮೆ ಸೀರೆಯ ಹೆಂಗಸೊಬ್ಬಳು ಬಿಳಿ ಫ್ರಾಕಿನ ಹುಡುಗಿಯ ಜೊತೆ ಕೌಂಟರಿಗೆ ಬಂದಳು. “ಏನು ಕೊಡ್ಲಿ ಮೇಡಂ?” ಅಂದೆ, ಪೊಟ್ಟಣ ಕಟ್ಟುತ್ತಲೇ.

“ಕಾಲು ಕೆಜಿ ಭಾನುವಾರ ಕೊಡೇ ಮಾರಾಯ್ತಿ.”

ತಲೆಗೆ ಕಟ್ಟಿದ ಬಟ್ಟೆ, ಮೈಮೇಲಿನ ಧೂಳು ಇಲ್ಲದ ಅವಳನ್ನು ನಾನು ಗುರುತೇ ಹಿಡಿದಿರಲಿಲ್ಲ. ಅವಳು ಮುಂಬಾಗಿಲಿನಿಂದ ಬಂದದ್ದು ಅದೇ ಮೊದಲು. ಮಗು ನನ್ನ ಪಾಲಿನ ಕೇಕನ್ನು ಕೌಂಟರಿನ ಮೇಲಿಟ್ಟಿತು. ನನಗೆ ಅಳು ತಡೆಯಲಾಗಲಿಲ್ಲ.

“ಮೇಡಂ, ನಂದು ಅರ್ಧ ಕೆಜಿ,” ಅಂದ ಹಿಂದೆ ನಿಂತಿದ್ದ ಗಿರಾಕಿ.